ಕಡಿಮೆ ನೀರು, ಕಡಿಮೆ ಗೊಬ್ಬರ, ಜಾಸ್ತಿ ಇಳುವರಿ: ಹೊಲದಲ್ಲಿ ಯಾವ ಕೆಲಸ ಮೊದ್ಲು, ಯಾವ್ದು ಆಮೇಲೆ

ಪ್ರಪಂಚದಲ್ಲಿ ನದಿ, ಕೆರೆ, ಬೋರು ಎಲ್ಲಾ ಸೇರ್ಸಿ ಮನುಷ್ಯ ಎತ್ತಿ ಬಳಸೋ ಸಿಹಿನೀರಲ್ಲಿ ಸುಮಾರು 70% ಬೇಸಾಯಕ್ಕೇ ಹೋಗತ್ತೆ. ಹೊಲಕ್ಕೆ ಹಾಕೋ ಸಾರಜನಕ ಗೊಬ್ಬರದಲ್ಲಿ ಹತ್ರತ್ರ ಅರ್ಧದಷ್ಟು ಬೆಳೆಗೆ ಸೇರೋದೇ ಇಲ್ಲ, ಒಂದಿಷ್ಟು ಗಾಳಿಗೆ ಹಾರತ್ತೆ, ಒಂದಿಷ್ಟು ನೀರಿನ ಜೊತೆ ಬೇರು ದಾಟಿ ಕೆಳಗಿಳಿಯತ್ತೆ, ನೀರು ನಿಲ್ಸೋ ಭತ್ತದ ಗದ್ದೆಲಂತೂ ನಷ್ಟ ಇನ್ನೂ ಜಾಸ್ತಿ. ಅಂದ್ರೆ ಉಳಿತಾಯ ಮಾಡೋಕೆ ಬೆಳೆನ ಉಪವಾಸ ಕೆಡವಬೇಕಾಗಿಲ್ಲ, ಬೆಳೆಗೆ ಸೇರದೆ ಪೋಲಾಗ್ತಿರೋದನ್ನ ತಡೆದ್ರೆ ಇಳುವರಿನೂ ಏರತ್ತೆ ಖರ್ಚೂ ಇಳಿಯತ್ತೆ. ಆದ್ರೆ ಅದಕ್ಕೊಂದು ಕ್ರಮ ಇದೆ. ತುಂಬಾ ಜನ ಸೀದಾ ಡ್ರಿಪ್ (ಹನಿ ನೀರಾವರಿ) ಹಾಕ್ಸೋದ್ರಿಂದ ಶುರು ಮಾಡ್ತಾರೆ, ಮಣ್ಣಿಗೆ ನೀರು ಹಿಡಿದಿಟ್ಟುಕೊಳ್ಳೋ ಶಕ್ತಿನೇ ಇಲ್ದಿದ್ರೆ ಎಂಥಾ ಡ್ರಿಪ್ ಹಾಕಿದ್ರೂ ಅರ್ಧ ಲಾಭ ಅಷ್ಟೇ. ಹಾಗಾಗಿ ಇಲ್ಲಿ ಅಳತೆ, ಮಣ್ಣು, ಬೀಜ, ನೀರು, ಗೊಬ್ಬರ, ಬೆಳೆ ಜೋಡಣೆ, ಕೀಟ ಅನ್ನೋ ಕ್ರಮದಲ್ಲಿ ಹೋಗ್ತೀನಿ, ಸಾಧ್ಯ ಆದ್ರೆ ನೀವೂ ಅದೇ ಕ್ರಮದಲ್ಲಿ ಮಾಡಿ.

ಹಂತ 1: ಈಗ ಎಷ್ಟು ಬಳಸ್ತಿದೀರ ಅಂತ ಅಳೀರಿ

ಇದನ್ನ ಯಾರೂ ಮಾಡಲ್ಲ, ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದೇ. ಪಂಪು ಎಷ್ಟು ಹೊತ್ತು ಓಡತ್ತೆ ಅಂತ ಎಲ್ರಿಗೂ ಗೊತ್ತಿರತ್ತೆ, ಗಂಟೆಗೆ ಎಷ್ಟು ಲೀಟರ್ ಬರತ್ತೆ ಅಂತ ಕೇಳಿದ್ರೆ ಉತ್ತರ ಇರಲ್ಲ. 200 ಲೀಟರಿನ ಡ್ರಮ್ ಒಂದನ್ನ ಪೈಪಿನ ಬಾಯಿಗೆ ಇಟ್ಟು ಮೊಬೈಲಲ್ಲಿ ಟೈಮ್ ನೋಡಿ. 50 ಸೆಕೆಂಡಲ್ಲಿ ತುಂಬಿದ್ರೆ ಸೆಕೆಂಡಿಗೆ 4 ಲೀಟರ್, ಗಂಟೆಗೆ 14,400 ಲೀಟರ್. ಮೂರು ಸಲ ಅಳೆದು ಸರಾಸರಿ ತಗೊಳ್ಳಿ, ಮತ್ತೆ ಬೇಸಿಗೆಲಿ ಒಂದ್ಸಲ ಮಳೆಗಾಲ ಮುಗಿದ ಮೇಲೆ ಒಂದ್ಸಲ ಅಳೀರಿ, ಯಾಕಂದ್ರೆ ನೀರಿನ ಮಟ್ಟ ಇಳಿದಂಗೆ ಪಂಪಿನ ಹರಿವೂ ಇಳಿಯತ್ತೆ.

ಇನ್ನೊಂದು ಲೆಕ್ಕ ತಲೇಲಿ ಇಟ್ಕೊಳ್ಳಿ, ಇಡೀ ಬರಹಕ್ಕೆ ಬೇಕಾಗತ್ತೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ನೀರು ಅಂದ್ರೆ ಸರಿಯಾಗಿ 1 ಲೀಟರ್. ಒಂದು ಎಕರೆ ಸುಮಾರು 4,047 ಚದರ ಮೀಟರ್, ಹಾಗಾಗಿ ಎಕರೆಗೆ 1 ಮಿ.ಮೀ. ಅಂದ್ರೆ 4 ಸಾವಿರ ಲೀಟರ್ ಚಿಲ್ಲರೆ. ಒಂದು ಸಲ 50 ಮಿ.ಮೀ. ನೀರು ಕೊಡ್ಬೇಕು ಅಂದ್ರೆ 2 ಲಕ್ಷ ಲೀಟರ್, ಮೇಲೆ ಹೇಳಿದ ಪಂಪು 14 ಗಂಟೆ ಓಡ್ಬೇಕು. ಈಗ ನೀವು ಎಷ್ಟು ಗಂಟೆ ಓಡಿಸ್ತಿದೀರ ಅಂತ ಇದ್ರ ಪಕ್ಕ ಬರೀರಿ. ಅದೇ ನೋಟ್‌ಬುಕ್ಕಲ್ಲಿ ಎಷ್ಟು ಚೀಲ ಗೊಬ್ಬರ, ಯಾವ ದಿನ, ಎಷ್ಟು ಇಳುವರಿ ಅಂತಾನೂ ಇರ್ಲಿ.

ಹಂತ 2: ಮಣ್ಣು ಪರೀಕ್ಷೆ

ಸ್ಯಾಂಪಲ್ ತೆಗೆಯೋದ್ರಲ್ಲೇ ಅರ್ಧ ತಪ್ಪಾಗೋದು. ಗೊಬ್ಬರ ಹಾಕೋಕೆ ಮುಂಚೆ, ಕೊಯ್ಲು ಆದ ಮೇಲೆ ಮಾಡಿ. ಬದುವಿನ ಪಕ್ಕ, ಮರದ ಕೆಳಗೆ, ತಿಪ್ಪೆ ಇದ್ದ ಜಾಗ, ಕಾಲುವೆ ಅಂಚು ಇವೆಲ್ಲ ಬೇಡ. ಹೊಲದಲ್ಲಿ ಅಂಕುಡೊಂಕಾಗಿ ನಡೀತಾ 8 ರಿಂದ 10 ಕಡೆ ಮೇಲಿನ ಕಸ ಸರಿಸಿ, 15 ರಿಂದ 20 ಸೆಂಟಿಮೀಟರ್ ಆಳಕ್ಕೆ ಇಂಗ್ಲಿಷಿನ ವಿ ಆಕಾರದ ಗುಂಡಿ ತೆಗೀರಿ, ಆ ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಇಂಚು ದಪ್ಪದ ಪದರ ಕೆರೆದು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ಎಲ್ಲಾ ಸೇರ್ಸಿ ಕಲಸಿ, ವೃತ್ತದ ಹಾಗೆ ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರು ಎರಡು ಭಾಗ ಬಿಸಾಕಿ, ಅರ್ಧ ಕೆಜಿ ಉಳಿಯೋವರೆಗೂ ಹೀಗೇ ಮಾಡಿ ನೆರಳಲ್ಲಿ ಒಣಗಿಸಿ ಕಳ್ಸಿ. ಹೊಲದಲ್ಲಿ ಒಂದು ಕಡೆ ಕೆಂಪು ಒಂದು ಕಡೆ ಕಪ್ಪು ಮಣ್ಣಿದ್ರೆ ಎರಡೂ ಬೇರೆ ಬೇರೆ ಸ್ಯಾಂಪಲ್.

ರಿಪೋರ್ಟ್ ಬಂದಾಗ ಎಲ್ರೂ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ನೋಡ್ತಾರೆ, ನೀವು ಮೊದ್ಲು ಪಿಎಚ್ (ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ) ಮತ್ತೆ ಸಾವಯವ ಇಂಗಾಲ ನೋಡಿ. ಪಿಎಚ್ 6.5 ರಿಂದ 7.5ರ ಒಳಗಿದ್ರೆ ಹೆಚ್ಚಿನ ಬೆಳೆಗಳಿಗೆ ಒಳ್ಳೇದು. ತುಂಬಾ ಹುಳಿ ಮಣ್ಣಲ್ಲಿ ರಂಜಕ ಕಬ್ಬಿಣ ಅಲ್ಯೂಮಿನಿಯಂ ಜೊತೆ ಕಟ್ಟಿಹಾಕಿಕೊಳ್ಳತ್ತೆ, ಕ್ಷಾರ ಜಾಸ್ತಿ ಆದ್ರೆ ಕ್ಯಾಲ್ಸಿಯಂ ಜೊತೆ, ಎರಡು ಕಡೆನೂ ನೀವು ಹಾಕಿದ ಗೊಬ್ಬರ ಮಣ್ಣಲ್ಲೇ ಇದ್ರೂ ಗಿಡಕ್ಕೆ ಸಿಗಲ್ಲ, ಆಗ ಇನ್ನೊಂದು ಚೀಲ ತಂದು ಸುರಿಯೋ ಬದಲು ಹುಳಿ ಮಣ್ಣಿಗೆ ಸುಣ್ಣ, ಸೋಡಿಯಂ ಜಾಸ್ತಿ ಇರೋ ಚೌಳು ಮಣ್ಣಿಗೆ ಜಿಪ್ಸಂ ಅಂತ ಲ್ಯಾಬಿನವರು ಹೇಳಿದ ಪ್ರಮಾಣದಲ್ಲಿ ಕೊಟ್ರೆ ಇದ್ದ ಗೊಬ್ಬರನೇ ಕೆಲಸ ಮಾಡತ್ತೆ. ಸಾವಯವ ಇಂಗಾಲ 0.5%ಗಿಂತ ಕಡಿಮೆ ಇದ್ರೆ ಮುಂದಿನ ಹಂತ ನಿಮಗೆ ತುಂಬಾ ಮುಖ್ಯ.

ಹಂತ 3: ಮಣ್ಣನ್ನ ಮುಚ್ಚಿಡಿ, ಕಮ್ಮಿ ಉಳುಮೆ ಮಾಡಿ

ಬರಿ ಮಣ್ಣು ಬಿಸಿಲಿಗೆ ಬಿದ್ದಿದ್ರೆ ಮೂರು ನಷ್ಟ ಒಟ್ಟಿಗೆ ಆಗತ್ತೆ, ತೇವ ಆವಿ ಆಗತ್ತೆ, ಇಂಗಾಲ ಕರಗತ್ತೆ, ಮಳೆ ಹನಿ ಹೊಡೆದು ಮೇಲೆ ಪದರ ಕಟ್ಟಿ ನೀರು ಇಂಗದೆ ಹರಿದು ಹೋಗತ್ತೆ. ಪರಿಹಾರ ಕಷ್ಟದ್ದೇನಲ್ಲ. ಕೊಯ್ಲಾದ ಮೇಲೆ ಹುಲ್ಲು, ಸೊಪ್ಪೆ, ರವದಿ, ಎಲೆ ಏನಿದ್ಯೋ ಅದಕ್ಕೆ ಬೆಂಕಿ ಇಡ್ಬೇಡಿ. ದನಕ್ಕೆ ಬೇಕಾದಷ್ಟು ತಗೊಂಡು ಉಳಿದಿದ್ದನ್ನ ಸಾಲುಗಳ ಮಧ್ಯ 5 ರಿಂದ 10 ಸೆಂ.ಮೀ. ದಪ್ಪ ಹರಡಿ, ಕಾಂಡಕ್ಕೆ ತಾಗದಂಗೆ ನಾಲ್ಕು ಬೆರಳು ಜಾಗ ಬಿಡಿ, ಇಲ್ಲಾಂದ್ರೆ ಬುಡ ಕೊಳೆಯೋ ರೋಗ ಬರತ್ತೆ. ಹಸಿ ಕಳೆ ಹಾಕೋದಾದ್ರೆ ಬೀಜ ಕಟ್ಟೋಕೆ ಮುಂಚೆ ಕಿತ್ತಿದ್ದು ಮಾತ್ರ ಹಾಕಿ.

ಒಂದು ಎಚ್ಚರಿಕೆ. ಒಣ ಹುಲ್ಲು, ಮರದ ಹೊಟ್ಟು ಇವುಗಳಲ್ಲಿ ಇಂಗಾಲ ಜಾಸ್ತಿ ಸಾರಜನಕ ಕಮ್ಮಿ, ಇವನ್ನ ಮಣ್ಣೊಳಗೆ ಸೇರ್ಸಿದ ತಕ್ಷಣ ಬಿತ್ತಿದ್ರೆ ಸೂಕ್ಷ್ಮಜೀವಿಗಳು ಅದನ್ನ ಕರಗಿಸೋಕೆ ಮಣ್ಣಿನ ಸಾರಜನಕನೇ ಎಳ್ಕೊಳ್ತವೆ, ಪೈರು ಹಳದಿ ಆಗತ್ತೆ, ರೈತರು ಹೊದಿಕೆ ಹಾಕಿದ್ರಿಂದ ಬೆಳೆ ಕೆಟ್ಟೋಯ್ತು ಅಂತಾರೆ. ಮಣ್ಣಿನ ಮೇಲೆ ಹರಡಿ ಬಿಟ್ರೆ ಈ ತೊಂದ್ರೆ ತುಂಬಾ ಕಮ್ಮಿ. ಒಳಗೆ ಸೇರಿಸಲೇಬೇಕು ಅಂದ್ರೆ ಬಿತ್ತನೆಗೆ ಕೆಲವು ವಾರ ಮುಂಚೆನೇ ಸೇರ್ಸಿ.

ಕಾಂಪೋಸ್ಟ್ ಮಾಡೋದಾದ್ರೆ ಒಣ ವಸ್ತು ಮತ್ತೆ ಹಸಿ ವಸ್ತು ಎರಡೂ ಬೇಕು, ಇಂಗಾಲ ಸಾರಜನಕದ ಅನುಪಾತ 25ಕ್ಕೆ 1 ರಿಂದ 30ಕ್ಕೆ 1 ಇರೋ ಹಾಗೆ, ಕಣ್ಣಂದಾಜಲ್ಲಿ ಹೇಳೋದಾದ್ರೆ ಒಣಗಿದ್ದು ಎರಡು ಬುಟ್ಟಿ ಹಸಿರು ಅಥವಾ ಸಗಣಿ ಒಂದು ಬುಟ್ಟಿ. ಕೈಯಲ್ಲಿ ಹಿಡಿದು ಹಿಂಡಿದ್ರೆ ಒಂದೆರಡು ಹನಿ ಬರೋಷ್ಟು ತೇವ ಸಾಕು, ನೀರು ಸುರಿದ್ರೆ ಜಾಸ್ತಿ ಆಯ್ತು ಅಂತ ಅರ್ಥ. ಒಳಗೆ 55 ಡಿಗ್ರಿ ದಾಟಿ ಬಿಸಿ ಏರಿದ್ರೆ ಕಳೆ ಬೀಜ, ರೋಗಾಣು ಸಾಯತ್ತೆ, ಎರಡು ವಾರಕ್ಕೊಮ್ಮೆ ಮಗುಚಿ ಹಾಕಿ. ವಾಸನೆ ಬಂದ್ರೆ ಗಾಳಿ ಸಾಲ್ತಿಲ್ಲ.

ಗೊಬ್ಬರ ಸಾಲದೇ ಇದ್ರೆ ಹಸಿರೆಲೆ ಗೊಬ್ಬರ ಬೆಳೀರಿ. ಸೆಣಬು, ಡಯಂಚ, ಅಲಸಂದೆ ಯಾವ್ದಾದ್ರೂ ಸರಿ, ಮುಖ್ಯ ಬೆಳೆಗೆ ಮುಂಚೆ ಬಿತ್ತಿ 45 ರಿಂದ 50 ದಿನಕ್ಕೆ, ಹೂವು ಬರೋಕೆ ಶುರು ಆಗೋ ಹೊತ್ತಿಗೆ ಮಣ್ಣಿಗೆ ಸೇರ್ಸಿ. ಆಸೆಪಟ್ಟು ಇನ್ನೂ ಹದಿನೈದು ದಿನ ಬಿಟ್ರೆ ಕಾಂಡ ನಾರಾಗತ್ತೆ, ಆಮೇಲೆ ಬೇಗ ಕೊಳೆಯಲ್ಲ.

ಉಳುಮೆ ವಿಷ್ಯಕ್ಕೆ ಬಂದ್ರೆ, ಬ್ರೆಜಿಲ್ ಅರ್ಜೆಂಟೀನಾದಲ್ಲಿ ಕೋಟ್ಯಂತರ ಎಕರೆ ಜಮೀನು ಉಳುಮೆ ಇಲ್ದೇನೇ ಬಿತ್ತನೆ ಆಗತ್ತೆ, ಅಲ್ಲಿ ಮೂರು ನಿಯಮ ಜೊತೆಗೇ ಹೋಗತ್ತೆ: ಮಣ್ಣು ಕೆದಕೋದು ಕಮ್ಮಿ, ಮಣ್ಣು ಯಾವಾಗ್ಲೂ ಮುಚ್ಚಿರ್ಬೇಕು, ಬೆಳೆ ಬದಲಾಗ್ತಾ ಇರ್ಬೇಕು. ಮೊದಲನೇದು ಮಾತ್ರ ಮಾಡಿ ಉಳಿದೆರಡು ಬಿಟ್ರೆ ಕಳೆ ಬಂದು ಇಳುವರಿ ಬೀಳತ್ತೆ. ಮೊದಲ ಒಂದೆರಡು ವರ್ಷ ಕಳೆ ಕಾಟ ಇದ್ದೇ ಇರತ್ತೆ, ಅದನ್ನ ಮುಚ್ಚುಮರೆ ಇಲ್ದೆ ಹೇಳ್ಬೇಕು. ಹಾಗಾಗಿ ಮೂರು ಸಲ ಉಳೋರು ಮೊದ್ಲು ಒಂದು ಸಲಕ್ಕೆ ಇಳೀರಿ. ಇಳಿಜಾರು ಇದ್ರೆ ಉಳುಮೆ ಬಿತ್ತನೆ ಎರಡೂ ಇಳಿಜಾರಿಗೆ ಅಡ್ಡವಾಗೇ ಆಗ್ಬೇಕು, ಪ್ರತಿ ಸಾಲೂ ಒಂದು ಪುಟ್ಟ ಬದು ಆಗಿ ನೀರು ತಡೆಯತ್ತೆ.

ತೀರಾ ಒಣ, ಗಟ್ಟಿ ನೆಲ ಇದ್ದೋರಿಗೆ ಬುರ್ಕಿನಾ ಫಾಸೊದ ಜಾಯ್ ಗುಂಡಿ ವಿಧಾನ ಗೊತ್ತಿರ್ಬೇಕು. ಬೇಸಿಗೆಲೇ 20 ರಿಂದ 40 ಸೆಂ.ಮೀ. ಅಗಲ, 10 ರಿಂದ 20 ಸೆಂ.ಮೀ. ಆಳದ ಗುಂಡಿ ತೋಡಿ, ತೆಗೆದ ಮಣ್ಣನ್ನ ಇಳಿಜಾರಿನ ಕೆಳಗಿನ ಕಡೆ ಅರ್ಧಚಂದ್ರದಂಗೆ ಇಟ್ಟು, ಒಳಗೆ ಒಂದೆರಡು ಬೊಗಸೆ ಗೊಬ್ಬರ ಹಾಕಿ ಬಿಡ್ತಾರೆ. ಗೊಬ್ಬರಕ್ಕೆ ಬರೋ ಗೆದ್ದಲು ಮಣ್ಣಲ್ಲಿ ಸುರಂಗ ಕೊರೆಯತ್ತೆ, ಮೊದಲ ಮಳೆ ನೀರು ಆ ದಾರೀಲೇ ಆಳಕ್ಕೆ ಇಳಿಯತ್ತೆ, ಅಲ್ಲೇ ಜೋಳ ಸಜ್ಜೆ ಬಿತ್ತೋದು. ಯಾಕೂಬಾ ಸವಡೋಗೊ ಅನ್ನೋ ರೈತ ಈ ಹಳೇ ವಿಧಾನನ 1980ರ ದಶಕದಲ್ಲಿ ಸುಧಾರಿಸಿ ಬರಡು ನೆಲದಲ್ಲಿ ಕಾಡನ್ನೇ ಎಬ್ಬಿಸಿದ್ರು, 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಇದನ್ನ ಓದಿದಾಗೆಲ್ಲ ನಂಗೆ ತುಂಬಾ ಧೈರ್ಯ ಬರತ್ತೆ, ಅವರ ಹತ್ರ ಇದ್ದಿದ್ದು ಗುದ್ದಲಿ ಮತ್ತೆ ಗೊಬ್ಬರ ಅಷ್ಟೇ.

ಹಂತ 4: ಬೀಜ

ಇದು ಚಿಕ್ಕ ಕೆಲಸ. 100 ಬೀಜ ಎಣಿಸಿ ಒದ್ದೆ ಬಟ್ಟೆಲಿ ಸುತ್ತಿ ಇಡಿ, ವಾರದಲ್ಲಿ ಎಷ್ಟು ಮೊಳಕೆ ಬಂತು ನೋಡಿ, 80 ದಾಟದೇ ಇದ್ರೆ ಬೀಜ ಬದಲಾಯಿಸಿ ಇಲ್ಲಾ ಆ ಲೆಕ್ಕದಲ್ಲಿ ಬಿತ್ತನೆ ಪ್ರಮಾಣ ಏರ್ಸಿ. ಭತ್ತದ ಬೀಜನ ಉಪ್ಪು ನೀರಲ್ಲಿ ಹಾಕಿ ತೇಲೋ ಜೊಳ್ಳು ತೆಗೆದು, ಮುಳುಗಿದ್ದನ್ನ ಒಳ್ಳೇ ನೀರಲ್ಲಿ ತೊಳೆದು ಬಳಸಿ. ಮೆಕ್ಕೆಜೋಳ, ಕಡಲೆ ಇಂಥವನ್ನ ರಾತ್ರಿಯೆಲ್ಲಾ ನೆನೆಸಿ ಮೇಲ್ಮೈ ಒಣಗಿಸಿ ಅವತ್ತೇ ಬಿತ್ತಿದ್ರೆ ಬೇಗ, ಒಂದೇ ಸಮ ಹುಟ್ಟತ್ತೆ. ದ್ವಿದಳ ಬೀಜಕ್ಕೆ ಆ ಬೆಳೆಗೇ ಅಂತ ಇರೋ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಹಚ್ಚಿ ನೆರಳಲ್ಲಿ ಒಣಗಿಸಿ, ಗಾಳಿಯಲ್ಲಿರೋ ಸಾರಜನಕ ಪುಕ್ಕಟೆ ಸಿಗತ್ತೆ. ಶಿಲೀಂಧ್ರನಾಶಕನೂ ಹಚ್ಚೋದಿದ್ರೆ ಅದು ಮೊದ್ಲು, ರೈಜೋಬಿಯಂ ಕೊನೇಲಿ.

ಹಂತ 5: ನೀರು

ಸಾಲಲ್ಲಿ ಹರಿಸೋ ನೀರಲ್ಲಿ ಬೇರಿಗೆ ತಲುಪೋದು ಹೆಚ್ಚಂದ್ರೆ 50 ರಿಂದ 60%, ಸರಿಯಾಗಿ ಹಾಕಿದ ಡ್ರಿಪ್ಪಲ್ಲಿ 90%ವರೆಗೂ ತಲುಪತ್ತೆ. ಆದ್ರೆ ಡ್ರಿಪ್ ಇದೆ ಅನ್ನೋ ಕಾರಣಕ್ಕೆ ನೀರು ಉಳಿಯಲ್ಲ, ಎಷ್ಟು ಹೊತ್ತು ಬಿಡ್ಬೇಕು ಅನ್ನೋ ಲೆಕ್ಕ ಗೊತ್ತಿದ್ರೆ ಮಾತ್ರ ಉಳಿಯತ್ತೆ, ಡ್ರಿಪ್ ಹಾಕಿ ದಿನಾ ಮೂರು ಗಂಟೆ ಬಿಡೋರೂ ಇದಾರೆ. ಲೆಕ್ಕ ಹೀಗೆ ಮಾಡಿ.

ಹವಾಮಾನ ಕೇಂದ್ರಗಳು ದಿನಕ್ಕೆ ಎಷ್ಟು ಮಿ.ಮೀ. ನೀರು ಆವಿ ಆಗತ್ತೆ ಅಂತ ಒಂದು ಮೂಲ ಲೆಕ್ಕ ಕೊಡ್ತವೆ, ಅದನ್ನ ಬೆಳೆಯ ಗುಣಾಂಕದಿಂದ, ಅಂದ್ರೆ ಆ ಹಂತದಲ್ಲಿ ಬೆಳೆ ಅದ್ರ ಎಷ್ಟು ಪಟ್ಟು ನೀರು ಬಳಸತ್ತೆ ಅನ್ನೋ ಸಂಖ್ಯೆಯಿಂದ ಗುಣಿಸ್ಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಕೊಟ್ಟ ಪಟ್ಟಿ ಪ್ರಕಾರ ಟೊಮ್ಯಾಟೊಗೆ ಶುರುವಲ್ಲಿ 0.6, ತುಂಬು ಬೆಳವಣಿಗೆಲಿ 1.15, ಕೊನೇಲಿ 0.8 ಆಸುಪಾಸು. ಸಾಲಿಂದ ಸಾಲಿಗೆ 1.2 ಮೀಟರ್, ಗಿಡದಿಂದ ಗಿಡಕ್ಕೆ 0.6 ಮೀಟರ್ ಇದ್ರೆ ಒಂದು ಗಿಡದ ಜಾಗ 0.72 ಚದರ ಮೀಟರ್. ಮೂಲ ಆವಿ ದಿನಕ್ಕೆ 5 ಮಿ.ಮೀ. ಅಂತ ಇಟ್ಕೊಂಡ್ರೆ ತುಂಬು ಬೆಳೆಗೆ 5 ಗುಣಿಸು 1.15 ಗುಣಿಸು 0.72, ಅಂದ್ರೆ 4.14 ಲೀಟರ್, ಡ್ರಿಪ್ ದಕ್ಷತೆ 0.9ರಿಂದ ಭಾಗಿಸಿದ್ರೆ 4.6 ಲೀಟರ್. ಗಿಡಕ್ಕೊಂದು, ಗಂಟೆಗೆ 4 ಲೀಟರ್ ಬಿಡೋ ಡ್ರಿಪ್ಪರ್ ಇದ್ರೆ 70 ನಿಮಿಷ ಸಾಕು. ಅದೇ ಗಿಡ ಸಣ್ಣದಿದ್ದಾಗ 2.4 ಲೀಟರ್, 36 ನಿಮಿಷ. ಎಕರೆಗೆ ಲೆಕ್ಕ ಹಾಕಿದ್ರೆ ತುಂಬು ಬೆಳೆಗೆ ದಿನಕ್ಕೆ 26 ಸಾವಿರ ಲೀಟರ್, ಇದೇ ಅಗತ್ಯನ ಸಾಲಲ್ಲಿ ಹರಿಸಿ ಪೂರೈಸೋಕೆ ಹೋದ್ರೆ 39 ರಿಂದ 46 ಸಾವಿರ ಬೇಕಾಗತ್ತೆ. ಮಳೆ 5 ಮಿ.ಮೀ. ಬಿದ್ರೆ ಆ ದಿನದ ನೀರು ಹೆಚ್ಚುಕಮ್ಮಿ ಬಂದಂಗೆ, ಪಂಪು ಆಫ್ ಮಾಡಿ.

ಇಷ್ಟು ಲೆಕ್ಕ ಬೇಡ ಅನ್ನೋರು ಕನಿಷ್ಠ ಮಣ್ಣನ್ನ ಮುಟ್ಟಿ ನೋಡಿ. ಬೇರಿರೋ ಆಳದಿಂದ, ಅಂದ್ರೆ 15 ರಿಂದ 30 ಸೆಂ.ಮೀ. ಕೆಳಗಿಂದ ಒಂದು ಹಿಡಿ ಮಣ್ಣು ತೆಗೆದು ಉಂಡೆ ಮಾಡಿ. ಉಂಡೆ ಆಗಿ, ಬೆರಳಲ್ಲಿ ಒತ್ತಿದ್ರೆ ಒಡೆಯದೆ ಚಪ್ಪಟೆ ಆಗತ್ತೆ ಅಂದ್ರೆ ನೀರು ಬೇಡ. ಉಂಡೆ ಆಗಿ ಸ್ವಲ್ಪ ಮೇಲಿಂದ ಬಿಟ್ರೆ ಪುಡಿ ಆಗತ್ತೆ ಅಂದ್ರೆ ಕೊಡೋ ಸಮಯ ಬಂತು. ಉಂಡೆನೇ ಆಗಲ್ಲ ಅಂದ್ರೆ ತಡ ಆಯ್ತು. ಮರಳು ಮಣ್ಣಿಗೆ ಈ ಪರೀಕ್ಷೆ ಅಷ್ಟು ಸರಿ ಬರಲ್ಲ, ಅಲ್ಲಿ ಕೈಗೆ ತೇವದ ಗುರುತು ಅಂಟತ್ತಾ ನೋಡಿ. ಮೇಲ್ಮಣ್ಣು ಒಣಗಿದೆ ಅಂತ ನೀರು ಬಿಡೋದು ಮಾತ್ರ ಬೇಡ, ಕೆಳಗೆ ಹದ ಇದ್ದೇ ಇರತ್ತೆ.

ಡ್ರಿಪ್ ಇದ್ದೋರು ತಿಂಗಳಿಗೊಮ್ಮೆ ಇದೊಂದು ಟೆಸ್ಟ್ ಮಾಡಿ. ಲೈನಿನ ಶುರು, ನಡು, ಕೊನೆ ಮೂರು ಕಡೆ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು 6 ನಿಮಿಷ ಬಿಡಿ. 4 ಲೀಟರಿನ ಡ್ರಿಪ್ಪರ್ ಆದ್ರೆ 400 ಮಿಲಿ ಬರ್ಬೇಕು. ಕೊನೇಲಿ 300 ಬಂದ್ರೆ ಒತ್ತಡ ಸಾಲ್ತಿಲ್ಲ ಇಲ್ಲಾ ಕಟ್ಟಿಕೊಂಡಿದೆ, ಆಗ ಕೊನೆ ಸಾಲಿನ ಗಿಡ ಬಾಡ್ತಿದೆ ಅಂತ ನೀವು ಇಡೀ ಹೊಲಕ್ಕೆ ಜಾಸ್ತಿ ಹೊತ್ತು ಬಿಡ್ತೀರಿ, ಶುರುವಿನ ಗಿಡದ ನೀರು ಗೊಬ್ಬರ ಎರಡೂ ಕೆಳಗೆ ಇಳಿದು ಹೋಗತ್ತೆ. ಕೆರೆ, ಹೊಂಡದ ನೀರಾದ್ರೆ ಪಾಚಿ ತಡೆಯೋಕೆ ಸ್ಯಾಂಡ್ ಫಿಲ್ಟರ್ ಬೇಕೇಬೇಕು, ಬೋರಲ್ಲಿ ಮರಳು ಬಂದ್ರೆ ನೀರನ್ನ ಸುಳಿ ತಿರುಗಿಸಿ ಮರಳು ಬೇರೆ ಮಾಡೋ ಹೈಡ್ರೋಸೈಕ್ಲೋನ್, ಇವುಗಳ ಜೊತೆ ಸ್ಕ್ರೀನ್ ಇಲ್ಲಾ ಡಿಸ್ಕ್ ಫಿಲ್ಟರ್. ಲ್ಯಾಟರಲ್, ಅಂದ್ರೆ ಡ್ರಿಪ್ಪರ್ ಇರೋ ಸಣ್ಣ ಪೈಪಿನ ತುದಿ ಬಿಚ್ಚಿ ಹದಿನೈದು ದಿನಕ್ಕೊಮ್ಮೆ ನೀರು ತಿಳಿಯಾಗೋವರೆಗೂ ಹೊರಗೆ ಬಿಡಿ. ಗಡಸು ನೀರಿದ್ರೆ ಡ್ರಿಪ್ಪರ್ ಬಾಯಲ್ಲಿ ಬಿಳಿ ಸುಣ್ಣ ಕಟ್ಟತ್ತೆ, ಅದಕ್ಕೆ ಆಸಿಡ್ ಟ್ರೀಟ್‌ಮೆಂಟ್ ಮಾಡ್ಬೇಕಾಗತ್ತೆ, ಅದನ್ನ ಗೊತ್ತಿರೋರನ್ನ ಪಕ್ಕದಲ್ಲಿ ಇಟ್ಕೊಂಡೇ ಮಾಡಿ, ಆಸಿಡನ್ನ ನೀರಿಗೆ ಹಾಕ್ಬೇಕೇ ಹೊರತು ನೀರನ್ನ ಆಸಿಡಿಗೆ ಹಾಕ್ಬಾರ್ದು. ಉಪ್ಪಿನಂಶ ಇರೋ ನೀರಾದ್ರೆ ಒದ್ದೆ ಜಾಗದ ಅಂಚಲ್ಲಿ ಉಪ್ಪು ಶೇಖರ ಆಗತ್ತೆ, ಮಳೆ ಬರದೇ ಇದ್ರೆ ಆಗಾಗ ಒಂದ್ಸಲ ಜಾಸ್ತಿ ಹೊತ್ತು ಬಿಟ್ಟು ಉಪ್ಪನ್ನ ಬೇರಿನಿಂದ ಆಚೆ ತಳ್ಳಿ.

ಇನ್ನು ಭತ್ತ. ಗದ್ದೆಲಿ ಯಾವಾಗ್ಲೂ ನೀರು ನಿಂತಿರ್ಬೇಕು ಅನ್ನೋದು ಭತ್ತದ ಅಗತ್ಯಕ್ಕಿಂತ ಹೆಚ್ಚಾಗಿ ಕಳೆ ತಡೆಯೋ ಉಪಾಯ. ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಪ್ರಚಾರಕ್ಕೆ ತಂದ ಒಂದು ಸುಲಭ ವಿಧಾನ ಇದೆ, ನೀರು ಕಟ್ಟೋದು ಒಣಗಿಸೋದು ಅಂತ ಸರದಿ ಮಾಡೋದು. 30 ಸೆಂ.ಮೀ. ಉದ್ದದ, ಕೈ ಹೋಗೋಷ್ಟು ಅಗಲದ ಪಿವಿಸಿ ಪೈಪ್ ತುಂಡು ತಗೊಂಡು ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಹೊಡೀರಿ. ಬದುವಿನಿಂದ ಸ್ವಲ್ಪ ಒಳಗೆ, ನೋಡೋಕೆ ಸಿಗೋ ಕಡೆ, ತೂತಿರೋ ಅರ್ಧ ಮಣ್ಣೊಳಗೆ ಹೋಗೋ ಹಾಗೆ ನೆಟ್ಟು ಒಳಗಿನ ಮಣ್ಣು ತೆಗೆದುಬಿಡಿ. ನಾಟಿ ಆಗಿ ಎರಡು ವಾರ ಕಳೆ ಹತೋಟಿಗೆ ತೆಳುವಾಗಿ ನೀರು ನಿಲ್ಲಿಸಿ, ಆಮೇಲೆ ನೀರು ಬಿಡೋದು ನಿಲ್ಲಿಸಿ ದಿನಾ ಪೈಪೊಳಗೆ ಸ್ಕೇಲ್ ಇಟ್ಟು ನೋಡಿ. ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗೆ ನೀರು ಇಳಿದಾಗ ಮತ್ತೆ 5 ಸೆಂ.ಮೀ. ನೀರು ಕಟ್ಟಿ, ಮತ್ತೆ ಇಳಿಯೋಕೆ ಬಿಡಿ. ಗದ್ದೆ ಮೇಲೆ ಒಣಗಿದಂಗೆ ಕಂಡ್ರೂ ಬೇರಿಗೆ ನೀರಿರತ್ತೆ, ಹೆದರ್ಬೇಡಿ. ಹೂ ಬಿಡೋಕೆ ಒಂದು ವಾರ ಮುಂಚೆಯಿಂದ ಒಂದು ವಾರ ಆಮೇಲಿನವರೆಗೂ ಮಾತ್ರ ನೀರು ನಿಂತಿರ್ಲೇಬೇಕು, ಆಗ ಒಣಗಿಸಿದ್ರೆ ಜೊಳ್ಳು ಜಾಸ್ತಿ ಆಗತ್ತೆ. ಇದ್ರಿಂದ 30%ವರೆಗೂ ನೀರು ಉಳಿಯತ್ತೆ, ಇಳುವರಿ ಬೀಳಲ್ಲ, ನಿಂತ ನೀರಲ್ಲಿ ಉಸಿರಿಲ್ದೆ ಕೊಳೆಯೋದ್ರಿಂದ ಬರೋ ಮೀಥೇನ್ ಅನಿಲನೂ ತುಂಬಾ ಇಳಿಯತ್ತೆ. ನೀರು ಒಂದೇ ದಿನಕ್ಕೆ ಇಂಗಿ ಹೋಗೋ ಮರಳು ಗದ್ದೆಗೆ ಇದು ಹೊಂದಲ್ಲ.

ಶ್ರೀ ಪದ್ಧತಿ, ಅಂದ್ರೆ ಕಮ್ಮಿ ಬೀಜ ಕಮ್ಮಿ ನೀರಲ್ಲಿ ಭತ್ತ ಬೆಳೆಯೋ ವಿಧಾನ, ಇದಕ್ಕಿಂತ ಒಂದು ಹೆಜ್ಜೆ ಮುಂದೆ. 1980ರ ದಶಕದಲ್ಲಿ ಮಡಗಾಸ್ಕರಲ್ಲಿ ಹೆನ್ರಿ ಡಿ ಲೋಲಾನಿ ಅನ್ನೋ ಪಾದ್ರಿ ಅಲ್ಲಿನ ರೈತರ ಜೊತೆ ಸೇರಿ ರೂಪಿಸಿದ್ದು. 8 ರಿಂದ 12 ದಿನದ ಎಳೇ ಸಸಿ, ಗುಣಿಗೆ ಒಂದೇ, 25 ಸೆಂ.ಮೀ. ಚೌಕದ ಅಂತರ, ಬೇರಿನ ಮಣ್ಣು ಬೀಜ ಸಮೇತ ಎತ್ತಿ ಅರ್ಧ ಗಂಟೆಯೊಳಗೆ ನಾಟಿ, ನಾಟಿ ಆಗಿ 10 ದಿನದಿಂದ ಶುರು ಮಾಡಿ ಹತ್ತು ದಿನಕ್ಕೊಮ್ಮೆ ಕೋನೋವೀಡರ್ (ಕಳೆ ತೆಗೆಯೋ ತಳ್ಳು ಯಂತ್ರ) ಎರಡು ದಿಕ್ಕಲ್ಲೂ ಓಡಿಸೋದು. ಬೀಜ ಎಕರೆಗೆ 2 ಕೆಜಿ ಸಾಕು. ಜಾಗ ಗಾಳಿ ಬೆಳಕು ಸಿಕ್ಕಿದ್ದಕ್ಕೆ ತೆಂಡೆ ತುಂಬಾ ಒಡೆಯತ್ತೆ. ಕೆಲವರು ಹೇಳೋ ಎರಡು ಮೂರು ಪಟ್ಟು ಇಳುವರಿ ಲೆಕ್ಕದ ಬಗ್ಗೆ ವಿಜ್ಞಾನಿಗಳಲ್ಲೇ ವಾದ ಇದೆ, ಮತ್ತೆ ಕಳೆ ಕೆಲಸ ಜಾಸ್ತಿ, ನೀರು ಬಸಿಯೋ ವ್ಯವಸ್ಥೆ ಇಲ್ದಿರೋ ತಗ್ಗು ಗದ್ದೆಲಿ ಎಳೇ ಸಸಿ ಮುಳುಗಿ ಸಾಯತ್ತೆ. ಬೀಜ ನೀರು ಎರಡೂ ಉಳಿಯೋದಂತೂ ಖಚಿತ.

ಹಂತ 6: ಗೊಬ್ಬರ

ಮೊದ್ಲು ಕೂಡಿ ಕಳೆಯೋ ಲೆಕ್ಕ. ಶಿಫಾರಸು ಎಕರೆಗೆ 40 ಕೆಜಿ ಸಾರಜನಕ ಅಂತ ಇದ್ರೆ, ಯೂರಿಯಾದಲ್ಲಿ 46% ಸಾರಜನಕ ಇರೋದ್ರಿಂದ 87 ಕೆಜಿ ಯೂರಿಯಾ. ಆದ್ರೆ ತಳಗೊಬ್ಬರವಾಗಿ 50 ಕೆಜಿ ಡಿಎಪಿ (ಸಾರಜನಕ ರಂಜಕ ಎರಡೂ ಇರೋ ಗೊಬ್ಬರ) ಹಾಕಿದ್ರೆ ಅದ್ರಲ್ಲೇ 9 ಕೆಜಿ ಸಾರಜನಕ ಬಂದಿರತ್ತೆ, ಉಳಿದ 31 ಕೆಜಿಗೆ 67 ಕೆಜಿ ಯೂರಿಯಾ ಸಾಕು. ಈ 20 ಕೆಜಿ ಕಳೆಯೋದನ್ನ ಮರೆಯೋರೇ ಜಾಸ್ತಿ. ಹೆಚ್ಚಾದ ಸಾರಜನಕ ಬರೀ ಪೋಲಲ್ಲ, ಎಲೆ ಮೆತ್ತಗಾಗಿ ರಸ ಹೀರೋ ಕೀಟ ಕರೆಯತ್ತೆ, ಬೆಳೆ ಗಾಳಿಗೆ ಮಲಗತ್ತೆ, ಆಮೇಲೆ ಔಷಧಿ ಖರ್ಚು ಬೇರೆ.

ಯೂರಿಯಾನ ಮಣ್ಣಿನ ಮೇಲೆ ಎರಚಿ ಹಾಗೇ ಬಿಟ್ರೆ ಬಿಸಿಲಿಗೆ ಅಮೋನಿಯಾ ಆಗಿ ಹಾರತ್ತೆ, ಕ್ಷಾರ ಮಣ್ಣಲ್ಲಿ ಇನ್ನೂ ಜೋರು. ಸಾಲಿನ ಪಕ್ಕ 5 ಸೆಂ.ಮೀ. ದೂರ, 5 ಸೆಂ.ಮೀ. ಆಳದಲ್ಲಿ ಹಾಕಿ ಮಣ್ಣು ಮುಚ್ಚಿ, ಆಗ್ಲಿಲ್ಲ ಅಂದ್ರೆ ಹಾಕಿದ ಕೂಡ್ಲೇ ಹಗುರವಾಗಿ ನೀರು ಕೊಡಿ. ಒಂದೇ ಸಲ ಬೇಡ, ಎರಡು ಮೂರು ಕಂತು ಮಾಡಿ. ಬಾಂಗ್ಲಾದೇಶದ ಭತ್ತದ ರೈತರು ಯೂರಿಯಾನ ಗುಳಿಗೆ ಮಾಡಿ ನಾಲ್ಕು ಗುಣಿ ನಡುವೆ 7 ರಿಂದ 10 ಸೆಂ.ಮೀ. ಆಳಕ್ಕೆ ಒತ್ತಿ ಮೂರನೇ ಒಂದು ಭಾಗದಷ್ಟು ಯೂರಿಯಾ ಉಳಿಸ್ತಾರೆ, ಇಳುವರಿನೂ ಏರತ್ತೆ. ಪಶ್ಚಿಮ ಆಫ್ರಿಕಾದ ಒಣ ಪ್ರದೇಶದಲ್ಲಿ ಇಕ್ರಿಸ್ಯಾಟ್ ಅನ್ನೋ ಒಣಭೂಮಿ ಬೆಳೆ ಸಂಶೋಧನಾ ಸಂಸ್ಥೆ ಕಲಿಸಿದ್ದು ಇನ್ನೂ ಸರಳ, ಬಾಟಲಿ ಮುಚ್ಚಳದಲ್ಲಿ ಅಳೆದು ಗುಣಿಗೆ ಕೆಲವೇ ಗ್ರಾಂ ಗೊಬ್ಬರನ ಬೀಜದ ಪಕ್ಕನೇ ಹಾಕೋದು. ಗೊಬ್ಬರ ತಗೊಳ್ಳೋಕೆ ಶಕ್ತಿ ಕಮ್ಮಿ ಇರೋರಿಗೆ ಇದಕ್ಕಿಂತ ಒಳ್ಳೇ ದಾರಿ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಭತ್ತಕ್ಕೆ ಮೇಲುಗೊಬ್ಬರ ಯಾವಾಗ ಅಂತ ಕ್ಯಾಲೆಂಡರ್ ನೋಡೋ ಬದಲು ಎಲೆ ಬಣ್ಣದ ಪಟ್ಟಿ, ಅಂದ್ರೆ ತಿಳಿಯಿಂದ ಗಾಢದವರೆಗೆ ಹಸಿರು ಬಣ್ಣಗಳಿರೋ ಪಟ್ಟಿ ಬಳಸಿ. ನಾಟಿ ಆಗಿ 14 ದಿನದಿಂದ ಹೂ ಬರೋವರೆಗೂ ವಾರ ಹತ್ತು ದಿನಕ್ಕೊಮ್ಮೆ, ಬೆಳಗ್ಗೆ ಒಂದೇ ಹೊತ್ತಿಗೆ, ಬಿಸಿಲಿಗೆ ಬೆನ್ನು ಹಾಕಿ ನಿಮ್ಮ ನೆರಳಲ್ಲಿ, ಪೂರ್ತಿ ಬಿಚ್ಚಿದ ಮೇಲಿನ ಎಲೆಯ ನಡುಭಾಗನ ಪಟ್ಟಿ ಮೇಲಿಟ್ಟು ನೋಡಿ. 10 ಎಲೆಯಲ್ಲಿ 6 ಅಥವಾ ಜಾಸ್ತಿ ಎಲೆ ನಿಮ್ಮ ತಳಿಗೆ ಹೇಳಿದ ಬಣ್ಣಕ್ಕಿಂತ ತಿಳಿಯಾಗಿದ್ರೆ ಮಾತ್ರ ಯೂರಿಯಾ, ಇಲ್ಲಾಂದ್ರೆ ಚೀಲ ಬಿಚ್ಚಲೇಬೇಡಿ. ಡ್ರಿಪ್ಪಲ್ಲಿ ಗೊಬ್ಬರ ಕೊಡೋರು ಮೊದ್ಲು ಬರೀ ನೀರು, ನಡುವೆ ಗೊಬ್ಬರ, ಕೊನೆಗೆ 15 ರಿಂದ 20 ನಿಮಿಷ ಬರೀ ನೀರು ಬಿಡಿ, ಪೈಪ್ ತೊಳೆದಂಗೂ ಆಗತ್ತೆ, ಗೊಬ್ಬರ ಬೇರಿನ ಆಳಕ್ಕೂ ಇಳಿಯತ್ತೆ.

ಹಂತ 7: ಬೆಳೆ ಜೋಡಣೆ

ಏಕದಳದ ಜೊತೆ ದ್ವಿದಳ ಇದ್ರೆ ಬೇರಿನ ಆಳ ಬೇರೆ, ಬೇಕಾಗೋ ಸಮಯ ಬೇರೆ, ಸಾರಜನಕದ ಮೂಲನೂ ಬೇರೆ, ಹಾಗಾಗಿ ಜಗಳ ಕಮ್ಮಿ. ಜೋಳ ತೊಗರಿ, ಮೆಕ್ಕೆಜೋಳ ಅಲಸಂದೆ ಇವೆಲ್ಲ ಹಳೇ ಜೋಡಿಗಳೇ. ಲಾಭ ಇದ್ಯಾ ಅಂತ ತಿಳಿಯೋಕೆ ಒಂದು ಲೆಕ್ಕ: ಮೆಕ್ಕೆಜೋಳ ಒಂದೇ ಹಾಕಿದ್ರೆ 20 ಕ್ವಿಂಟಲ್, ಅಲಸಂದೆ ಒಂದೇ ಹಾಕಿದ್ರೆ 5 ಕ್ವಿಂಟಲ್, ಎರಡೂ ಸೇರ್ಸಿದಾಗ 16 ಮತ್ತೆ 2.5 ಬಂತು ಅಂತ ಇಟ್ಕೊಳ್ಳಿ. 16 ಭಾಗಿಸು 20 ಅಂದ್ರೆ 0.8, 2.5 ಭಾಗಿಸು 5 ಅಂದ್ರೆ 0.5, ಒಟ್ಟು 1.3. ಅಂದ್ರೆ ಬೇರೆ ಬೇರೆ ಬೆಳೆದಿದ್ರೆ 1.3 ಎಕರೆ ಬೇಕಾಗಿತ್ತು, ನೀವು ಒಂದೇ ಎಕರೆಲಿ ತೆಗೆದಿದೀರ. ಒಂದಕ್ಕಿಂತ ಕಮ್ಮಿ ಬಂದ್ರೆ ಆ ಜೋಡಿ ಬಿಡಿ. ಬೆಳೆ ಸರದಿ ಮಾಡುವಾಗ ಒಂದೇ ಕುಟುಂಬದ್ದು ಒಂದರ ಹಿಂದೊಂದು ಬೇಡ, ಟೊಮ್ಯಾಟೊ ಆದ ಮೇಲೆ ಬದನೆ ಮೆಣಸಿನಕಾಯಿ ಹಾಕಿದ್ರೆ ಮಣ್ಣಿನ ರೋಗಕ್ಕೆ ಊಟ ಹಾಕಿದಂಗೆ.

ಹಂತ 8: ಕೀಟ

ಔಷಧಿ ಹೊಡೆಯೋಕೆ ಮುಂಚೆ ವಾರಕ್ಕೊಂದ್ಸಲ ಹೊಲ ಸುತ್ತಿ, ಅಲ್ಲಲ್ಲಿ 20 ಗಿಡ ತಿರುಗಿಸಿ ನೋಡಿ, ಬೆಳೆ ತಿನ್ನೋ ಹುಳ ಎಷ್ಟು, ಅವನ್ನ ತಿನ್ನೋ ಗುಲಗಂಜಿ ಹುಳ ಜೇಡ ಎಷ್ಟು ಅಂತ ಎಣಿಸಿ ಬರೀರಿ. ಹಾನಿ ಖರ್ಚಿಗಿಂತ ಜಾಸ್ತಿ ಆಗೋ ಮಟ್ಟ ಅಂತ ಪ್ರತಿ ಕೀಟಕ್ಕೂ ಒಂದಿದೆ, ಅದು ದಾಟೋವರೆಗೂ ಕಾಯಿರಿ, ಮಿತ್ರ ಕೀಟಗಳು ಅಷ್ಟರಲ್ಲಿ ಕೆಲಸ ಮುಗಿಸಿರತ್ತೆ ಎಷ್ಟೋ ಸಲ. ಕಾಯಿಕೊರಕದ ಸುಳಿವು ಸಿಗೋಕೆ ಎಕರೆಗೆ 4 ರಿಂದ 5 ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನ ಸೆಳೆದು ಹಿಡಿಯೋ ಬಲೆ) ಹಾಕಿ. ಟೊಮ್ಯಾಟೊ 16 ಸಾಲಿಗೆ ಒಂದು ಸಾಲು ಎತ್ತರದ ಚೆಂಡುಹೂ ಹಾಕಿದ್ರೆ ಕಾಯಿಕೊರಕದ ಪತಂಗ ಅಲ್ಲಿ ಮೊಟ್ಟೆ ಇಡತ್ತೆ, ಆದ್ರೆ ಎರಡೂ ಒಟ್ಟಿಗೆ ಹೂ ಬಿಡ್ಬೇಕು, ಅದಕ್ಕೆ 45 ದಿನದ ಚೆಂಡುಹೂ ಸಸಿನ 25 ದಿನದ ಟೊಮ್ಯಾಟೊ ಸಸಿ ಜೊತೆ ನೆಡಿ.

ಕೀನ್ಯಾದ ಇಸಿಪೆ ಅನ್ನೋ ಕೀಟ ಸಂಶೋಧನಾ ಸಂಸ್ಥೆಯವರ ತಳ್ಳು ಸೆಳೆ ವಿಧಾನ ನಂಗೆ ತುಂಬಾ ಇಷ್ಟ. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ, ಹೊಲದ ಸುತ್ತ ನೇಪಿಯರ್ ಹುಲ್ಲು. ಡೆಸ್ಮೋಡಿಯಂ ವಾಸನೆ ಕಾಂಡಕೊರಕದ ಪತಂಗನ ಓಡಿಸತ್ತೆ, ನೇಪಿಯರ್ ತನ್ನ ಕಡೆ ಎಳೆಯತ್ತೆ, ಅಲ್ಲಿ ಇಟ್ಟ ಮೊಟ್ಟೆಯಿಂದ ಬಂದ ಮರಿಗಳು ಹೆಚ್ಚಿನವು ಬದುಕಲ್ಲ. ಡೆಸ್ಮೋಡಿಯಂ ದ್ವಿದಳ ಆಗಿರೋದ್ರಿಂದ ಸಾರಜನಕ ಕೊಡತ್ತೆ, ಸ್ಟ್ರೈಗಾ ಅನ್ನೋ ಪರಾವಲಂಬಿ ಕಳೆ ತಡೆಯತ್ತೆ, ಎರಡೂ ದನಕ್ಕೆ ಮೇವು.

ಹಂತ 9: ಹೋಲಿಸಿ ನೋಡಿ, ಆಮೇಲೆ ವಿಸ್ತರಿಸಿ

ಇಡೀ ಹೊಲ ಒಂದೇ ವರ್ಷದಲ್ಲಿ ಬದಲಾಯಿಸ್ಬೇಡಿ. ಕಾಲು ಎಕರೆ ಹೊಸ ವಿಧಾನ, ಪಕ್ಕದಲ್ಲೇ ಅದೇ ಮಣ್ಣಿನ ಕಾಲು ಎಕರೆ ಹಳೇ ವಿಧಾನ, ಅದೇ ತಳಿ, ಅದೇ ದಿನ ಬಿತ್ತನೆ. ಕೊಯ್ಲಲ್ಲಿ ಎರಡನ್ನೂ ಬೇರೆ ಬೇರೆ ತೂಕ ಹಾಕಿ, ಬರೀ ಎಕರೆ ಇಳುವರಿ ನೋಡ್ದೆ 1,000 ಲೀಟರ್ ನೀರಿಗೆ ಎಷ್ಟು ಕೆಜಿ, ಒಂದು ಕೆಜಿ ಸಾರಜನಕಕ್ಕೆ ಎಷ್ಟು ಕೆಜಿ ಅಂತ ಭಾಗಿಸಿ. ಎಷ್ಟೋ ಸಲ ಇಳುವರಿ ಸಮ ಇರತ್ತೆ, ನೀರು ಮೂರನೇ ಒಂದು ಭಾಗ ಕಮ್ಮಿ ಆಗಿರತ್ತೆ, ಅದೂ ಗೆಲುವೇ.

ಮತ್ತೆ ಇದನ್ನ ಹೇಳ್ಲೇಬೇಕು. ಡ್ರಿಪ್ ಬಂದ ಎಷ್ಟೋ ಕಡೆ ಉಳಿದ ನೀರಲ್ಲಿ ಇನ್ನೊಂದು ಎಕರೆ ನೀರಾವರಿ ಮಾಡಿ, ಜಾಸ್ತಿ ನೀರು ಕುಡಿಯೋ ಬೆಳೆ ಹಾಕಿ, ಕೊನೆಗೆ ಅಂತರ್ಜಲ ಮೊದಲಿಗಿಂತ ಬೇಗ ಇಳಿದಿದೆ. ಉಳಿಸಿದ ನೀರಲ್ಲಿ ಎಷ್ಟು ಪಾಲು ಬೋರಲ್ಲೇ ಬಿಡ್ತೀರ ಅಂತ ಬಿತ್ತನೆಗೆ ಮುಂಚೆನೇ ತೀರ್ಮಾನ ಮಾಡಿ ಅದೇ ನೋಟ್‌ಬುಕ್ಕಲ್ಲಿ ಬರೀರಿ, ಪಕ್ಕದ ಹೊಲದೋರ ಜೊತೆನೂ ಮಾತಾಡಿ, ನೀವು ಬಿಟ್ಟಿದ್ದನ್ನ ಅವ್ರು ಎತ್ತಿದ್ರೆ ಏನೂ ಉಳಿಯಲ್ಲ.

ಮಣ್ಣಿನ ಕೆಲಸದ ಫಲ ಮೊದಲ ವರ್ಷ ಕಾಣ್ದೇ ಇರಬಹುದು, ಹೊಸ ವಿಧಾನದ ತುಂಡನ್ನ ವರ್ಷ ವರ್ಷ ಬದಲಾಯಿಸದೆ ಅದೇ ಜಾಗದಲ್ಲಿ ಮುಂದುವರಿಸಿ. ಮೂರನೇ ವರ್ಷ ಎರಡೂ ತುಂಡಿನ ಮಣ್ಣು ಪರೀಕ್ಷೆ ಮತ್ತೆ ಮಾಡ್ಸಿ, ಅದೇ ತಿಂಗಳಲ್ಲಿ, ಅಷ್ಟೇ ಆಳದಿಂದ, ಆದಷ್ಟು ಅದೇ ಲ್ಯಾಬಲ್ಲಿ, ಲ್ಯಾಬ್ ಬದಲಾದ್ರೆ ವಿಧಾನ ಬೇರೆ ಇದ್ದು ಸಾವಯವ ಇಂಗಾಲದ ಸಣ್ಣ ಏರಿಕೆ ನಿಜವಾಗಿ ಆಗಿದ್ದಾ ಅಂತ ಹೇಳೋಕಾಗಲ್ಲ.